ಅರಗಿನ ಬೊಂಬೆಗಳ ಫೋಟೊಗೆ ಯಾವ ಎಲ್‌ಇಡಿ ಲೈಟ್ ತಗೊಳ್ಳೋದು?

ಬುಗುರಿ_ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಪಟ್ಟಣ. ಮಾವನವರು, ಯಜಮಾನರು ಲೇತ್ ಮೇಲೆ ಅರಗಿನ ಬೊಂಬೆ ಮಾಡುತ್ತಾರೆ. ಬುಗುರಿ, ಗಿಲಕಿ, ಎಳೆಯುವ ಗಾಡಿ, ಉಂಗುರ ಜೋಡಿಸುವ ಗೋಪುರ, ಹೀಗೆ. ಆನ್‌ಲೈನ್ ಮಾರಾಟಕ್ಕೆ ಫೋಟೊ ತೆಗೆಯುವುದು ನನ್ನ ಪಾಲಿನ ಕೆಲಸ.

ಹಳೆಯ ಎಪಿಎಸ್-ಸಿ ಕ್ಯಾಮೆರಾ, 50 ಎಂಎಂ ಲೆನ್ಸ್, ಗಟ್ಟಿಯಾದ ಟ್ರೈಪಾಡ್ ಇವೆ. ಇಲ್ಲಿಯವರೆಗೆ ಹೆಚ್ಚಾಗಿ ಕಿಟಕಿ ಬೆಳಕಲ್ಲೇ ತೆಗೆಯುತ್ತಿದ್ದೆ. ಮೋಡ ಬಂದರೆ ಒಂದು ಬಣ್ಣ, ಬಿಸಿಲು ಬಂದರೆ ಇನ್ನೊಂದು. ಒಂದೇ ಸೆಟ್ಟಿನ ಆರು ಬೊಂಬೆಗಳು ಆರು ಥರ ಕಾಣುತ್ತವೆ. ಅದಕ್ಕೆ ಎಲ್‌ಇಡಿ ತಗೊಳ್ಳೋಣ ಅಂತ ಇದ್ದೇನೆ. ಬಜೆಟ್ 15 ಸಾವಿರ.

ನೋಡಿಟ್ಟಿರುವುದು ಮೂರು: ಒಳಗೇ ಎಲ್‌ಇಡಿ ಪಟ್ಟಿ ಇರುವ ಮಡಚುವ ಲೈಟ್ ಬಾಕ್ಸ್, ಹಳದಿ, ಬಿಳಿ ಎರಡೂ ಬೆಳಕು ಕೊಡುವ ಎರಡು ಬೈ-ಕಲರ್ ಪ್ಯಾನೆಲ್, 60 ವಾಟ್‌ನ ಒಂದು ಸಿಒಬಿ ಲೈಟ್ (ಎಲ್‌ಇಡಿಗಳೆಲ್ಲ ಒಂದೇ ಚಿಪ್ಪಿನಲ್ಲಿ ಒತ್ತಾಗಿ ಇರುವಂಥದ್ದು) ಜೊತೆಗೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗಾಗಿಸುವ ಬಟ್ಟೆಯ ಗೂಡು). ನನ್ನ ಮುಖ್ಯ ತಲೆನೋವು ಎರಡು. ಕೆಂಪು ಬಣ್ಣ ಸರಿಯಾಗಿ ಬರಲ್ಲ. ಹೊಳಪಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಯಾವುದು ತಗೊಳ್ಳಲಿ?

ಹಿತ್ತಲ_ಸ್ಟುಡಿಯೊ

ಮೇಡಂ, ಮೂರನೆಯದನ್ನೇ ತಗೊಳ್ಳಿ. ಒಂದೇ ಒಂದು ಒಳ್ಳೆಯ ಡೇಲೈಟ್ ಸಿಒಬಿ ಸಾಕು. 5600 ಕೆಲ್ವಿನ್ (ಹಗಲು ಬೆಳಕಿನ ಬಣ್ಣ), ಬೋವೆನ್ಸ್ ಮೌಂಟ್ (ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಜಾಗ) ಇರಲಿ. ಗೋಡಾಕ್ಸ್ ಎಸ್‌ಎಲ್ 60 ಥರದ್ದು ಆಗುತ್ತದೆ. ಅದೇ ವರ್ಗದಲ್ಲಿ ಬೇರೆ ಕಂಪನಿಯವೂ ಇವೆ. ಉಳಿದ ದುಡ್ಡಲ್ಲಿ ಭಾರ ತಡೆಯುವ ಸ್ಟ್ಯಾಂಡ್, ಟ್ರೇಸಿಂಗ್ ಪೇಪರ್ ರೋಲ್, ಎರಡು ಥರ್ಮಾಕೋಲ್ ಹಲಗೆ, ಕಪ್ಪು ಚಾರ್ಟ್ ಕಾಗದ, ಬಣ್ಣ ಸರಿಹೊಂದಿಸಲು ಒಂದು ಗ್ರೇ ಕಾರ್ಡ್ (ಬೂದು ಬಣ್ಣದ ಕಾರ್ಡು) ತಗೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟ ಅರಗು ಅರ್ಧ ಕನ್ನಡಿ ಇದ್ದಂತೆ. ಅದರ ಮೇಲೆ ಲೈಟ್‌ನ ಆಕಾರವೇ ಮೂಡುತ್ತದೆ. ಬುಗುರಿ ದುಂಡಗಿರುವುದರಿಂದ ಕಿಟಕಿ, ಟ್ಯೂಬ್‌ಲೈಟ್, ಕ್ಯಾಮೆರಾ ಹಿಡಿದ ನೀವು, ಎಲ್ಲರೂ ಅದರಲ್ಲಿ ಇರುತ್ತೀರಿ. ಹೀಗಾಗಿ ಹೊಳೆಯುವ ವಸ್ತುವಿನ ಫೋಟೊದಲ್ಲಿ ಮೊದಲ ಪ್ರಶ್ನೆ ಬೆಳಕು ಎಷ್ಟು ಅನ್ನುವುದಲ್ಲ, ಆ ಮೈಮೇಲೆ ಏನು ಕಾಣಬೇಕು ಅನ್ನುವುದು.

ಲೈಟ್ ಬಾಕ್ಸ್‌ನಲ್ಲಿ ಎಲ್‌ಇಡಿಗಳು ಸಾಲಾಗಿ ಇರುತ್ತವೆ. ಅರಗಿನ ಮೇಲೆ ಆ ಸಾಲು ಚುಕ್ಕೆ ಚುಕ್ಕೆಯಾಗಿ ಮೂಡುತ್ತದೆ. ಪ್ಯಾನೆಲ್‌ನಲ್ಲೂ ಅದೇ ತೊಂದರೆ, ಮುಂದೆ ಬೆಳಕನ್ನು ಹರಡುವ ದಪ್ಪ ಡಿಫ್ಯೂಸರ್ ಇಲ್ಲದಿದ್ದರೆ. ಸಿಒಬಿಯಲ್ಲಿ ಬೆಳಕು ಒಂದೇ ಜಾಗದಿಂದ ಹೊರಡುತ್ತದೆ. ಅದರ ಮುಂದೆ ನೀವು ಏನು ಕಟ್ಟುತ್ತೀರೋ ಅದೇ ನಿಮ್ಮ ಬೆಳಕಿನ ಆಕಾರ.

ಎಸ್‌ಪಿ_ರೋಡ್_ಗಿರಾಕಿ

ಇಷ್ಟೆಲ್ಲಾ ಖರ್ಚು ಯಾಕೆ? ಮನೆಯಲ್ಲಿ ಹಾಕುವ ಎಲ್‌ಇಡಿ ಬಲ್ಬ್ ನಾಲ್ಕು, ಹೋಲ್ಡರ್ ನಾಲ್ಕು, ಮುಂದೆ ಬಿಳಿ ಪಂಚೆ. ಎಸ್‌ಪಿ ರೋಡಿನಲ್ಲಿ (ಬೆಂಗಳೂರಿನದು) ಎಲ್ಲಾ ಸೇರಿ ಒಂದು ಸಾವಿರದೊಳಗೆ ಮುಗಿಯುತ್ತೆ. ಸ್ಟೀಲ್ ಪಾತ್ರೆ ಫೋಟೊಗೆ ನಾನು ಅದನ್ನೇ ಬಳಸುತ್ತೇನೆ. ಬಣ್ಣ ಹೆಚ್ಚುಕಮ್ಮಿ ಆದರೆ ಫೋಟೊಶಾಪ್ ಇದೆಯಲ್ಲ.

ಬಣ್ಣದ_ಲೆಕ್ಕ

ಸ್ಟೀಲ್ ಪಾತ್ರೆಗೆ ನಡೆಯುತ್ತದೆ ಅಣ್ಣಾ, ಅದರಲ್ಲಿ ಬಣ್ಣವೇ ಇಲ್ಲ. ಅರಗಿನ ಬೊಂಬೆಗೆ ನಡೆಯುವುದಿಲ್ಲ. ನಾನು ಪ್ರಿಂಟಿಂಗ್‌ನಲ್ಲಿ ಕೆಲಸ ಮಾಡುವವನು. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಮೇಡಂ ಕೇಳಿದ ಕೆಂಪಿನ ತೊಂದರೆ ಪೂರ್ತಿ ಇಲ್ಲೇ ಇದೆ.

ಬಿಳಿ ಎಲ್‌ಇಡಿ ಅಂದರೆ ಹೆಚ್ಚಾಗಿ ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ಎರಡೂ ಸೇರಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆದರೆ ಅಗ್ಗದ ಬಲ್ಬಿನಲ್ಲಿ ಕಡು ಕೆಂಪಿನ ಅಂಶ ತುಂಬಾ ಕಮ್ಮಿ. ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಬೊಂಬೆಯ ಕೆಂಪು ಏನನ್ನು ವಾಪಸ್ ಕಳಿಸಬೇಕು? ಕಂದು ಕಂದಾಗಿ, ಇಟ್ಟಿಗೆ ಬಣ್ಣವಾಗಿ ಕಾಣುತ್ತದೆ.

ಪೆಟ್ಟಿಗೆ ಮೇಲೆ ಬರೆಯುವ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕಿ) ಅನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು 8 ತಿಳಿ ಬಣ್ಣಗಳ ಸರಾಸರಿ. ಕಡು ಕೆಂಪನ್ನು ಅಳೆಯುವ ಆರ್9 ಆ ಎಂಟರಲ್ಲಿ ಇಲ್ಲವೇ ಇಲ್ಲ. ಮನೆ ಬಲ್ಬಿಗೆ ಸಿಆರ್‌ಐ 80 ಇದ್ದು, ಆರ್9 ಸೊನ್ನೆಯ ಹತ್ತಿರ ಇರುವುದು ಮಾಮೂಲು. ಹಾಗಾಗಿ ಸಿಆರ್‌ಐ 95ಕ್ಕಿಂತ ಮೇಲೆ ಇರಲಿ, ಜೊತೆಗೆ ಆರ್9 ಎಷ್ಟು ಅಂತ ಕಂಪನಿಯವರು ಬೇರೆಯಾಗಿ ಕೊಟ್ಟಿದ್ದಾರಾ ನೋಡಿ. 90 ದಾಟಿದ್ದರೆ ನಿಮ್ಮ ಕೆಂಪು ಉಳಿಯುತ್ತದೆ. ಟಿಎಲ್‌ಸಿಐ ಅನ್ನುವ ಇನ್ನೊಂದು ಅಂಕಿ ಇರುತ್ತದೆ. ಅದು ಕಣ್ಣಿನ ಬದಲು ಕ್ಯಾಮೆರಾ ದೃಷ್ಟಿಯಿಂದ ಅಳೆದದ್ದು. ಅದೂ 95ರ ಮೇಲಿದ್ದರೆ ಒಳ್ಳೆಯದು.

ಫೋಟೊಶಾಪ್ ಮಾತಿಗೆ ಬರೋಣ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಹೊಂದಿಸುವುದು) ಮಾಡಿದರೆ ಇಡೀ ಚಿತ್ರ ಒಟ್ಟಿಗೆ ಆ ಕಡೆ ಈ ಕಡೆ ಸರಿಯುತ್ತದೆ, ಅಷ್ಟೆ. ಕೆಂಪು ಎತ್ತಲು ಹೋದರೆ ಪಕ್ಕದ ಅರಿಶಿನದ ಹಳದಿ ಕಿತ್ತಳೆಗೆ ತಿರುಗುತ್ತದೆ. ಒಂದೊಂದು ಬೊಂಬೆಗೂ ಒಂದೊಂದು ಬಣ್ಣ ಕೈಯಲ್ಲಿ ತಿದ್ದುತ್ತಾ ಕೂರಬೇಕಾಗುತ್ತದೆ. ಗಿರಾಕಿ ಕೈಗೆ ಬಂದ ಬೊಂಬೆ ಫೋಟೊಗೆ ಹೋಲದಿದ್ದರೆ ವಾಪಸ್ ಬರುತ್ತದೆ. ಮಾಡಿದವರ ಶ್ರಮಕ್ಕೆ ಅದು ದೊಡ್ಡ ಅನ್ಯಾಯ.

ಪಂಚೆ ಬಗ್ಗೆ ಒಂದು ಮಾತು. ನೀಲಿ ಹಾಕಿ ಒಗೆದ ಬಟ್ಟೆ ಬೆಳಕಿಗೂ ನೀಲಿ ಛಾಯೆ ಕೊಡುತ್ತದೆ. ಟ್ರೇಸಿಂಗ್ ಪೇಪರ್ ವಾಸಿ.

ಬುಗುರಿ_ಮನೆ

ತುಂಬಾ ಉಪಕಾರ. ನಮ್ಮಲ್ಲಿ ಕೆಂಪು, ಹಳದಿಗಳೇ ಜಾಸ್ತಿ. ಹಳದಿಗೆ ಅರಿಶಿನ ಹಾಕುತ್ತೇವೆ. ಟ್ಯೂಬ್‌ಲೈಟ್ ಬೆಳಕಲ್ಲಿ ಅದು ಹಸಿರು ಮಿಶ್ರ ನಿಂಬೆ ಬಣ್ಣ ಬರುತ್ತಿತ್ತು. ಕಾರಣ ಈಗ ಗೊತ್ತಾಯಿತು.

ಇವತ್ತು ನಮ್ಮ ಬೀದಿಯ ಹುಡುಗನೊಬ್ಬನ ಲೈಟ್ ಬಾಕ್ಸ್ ತಂದು ನೋಡಿದೆ. ಹಿತ್ತಲ_ಸ್ಟುಡಿಯೊ ಅವರು ಹೇಳಿದ್ದೇ ಆಯಿತು. ಕೆಂಪು ಬುಗುರಿಯ ಹೊಟ್ಟೆ ಮೇಲೆ ಎರಡು ಸಾಲು ಬಿಳಿ ಚುಕ್ಕೆ, ಮಣಿಸರ ಅಂಟಿಸಿದ ಹಾಗೆ.

ಇನ್ನೊಂದು ಅನುಮಾನ. 60 ವಾಟ್ ಸಾಕಾಗುತ್ತಾ? ಅಂಗಡಿಯವರು 150 ವಾಟ್ ಇಲ್ಲದೆ ಪ್ರಾಡಕ್ಟ್ ಫೋಟೊ ಆಗಲ್ಲ ಅಂತಿದ್ದಾರೆ.

ಹಿತ್ತಲ_ಸ್ಟುಡಿಯೊ

ಸಾಕು. ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಬೊಂಬೆ ಮುಂದಿನಿಂದ ಹಿಂದಿನವರೆಗೆ ಶಾರ್ಪ್ ಬರಬೇಕು ಅಂದರೆ ಎಫ್ 11 (ಲೆನ್ಸಿನ ಸಣ್ಣ ತೆರಪು) ಇಡುತ್ತೀರಿ. ಐಎಸ್‌ಒ 100. ಈ ಎರಡಕ್ಕೆ 1 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ಸುಮಾರು 300 ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಸಾಕು. 1/4 ಸೆಕೆಂಡಿಗೆ 1,200 ಲಕ್ಸ್. ಅದೇ ಕೈಯಲ್ಲಿ ಹಿಡಿದು 1/125ರಲ್ಲಿ ತೆಗೆಯುತ್ತೇನೆ ಅಂದರೆ ಹತ್ತಿರ ಹತ್ತಿರ 38,000 ಲಕ್ಸ್ ಬೇಕು. ವ್ಯತ್ಯಾಸ ನೋಡಿ! ನಡುಮಧ್ಯಾಹ್ನದ ಬಿಸಿಲೇ ಸುಮಾರು ಒಂದು ಲಕ್ಷ ಲಕ್ಸ್.

ನಿಮ್ಮ ಬೊಂಬೆ ಅಲ್ಲಾಡುವುದಿಲ್ಲ. ಟ್ರೈಪಾಡ್ ಇದೆ. 1/4 ಸೆಕೆಂಡ್ ಆದರೇನು, 1 ಸೆಕೆಂಡ್ ಆದರೇನು? ಸಾಫ್ಟ್‌ಬಾಕ್ಸ್ ಹಾಕಿದ 60 ವಾಟ್ ಸಿಒಬಿ ಅರ್ಧ ಮೀಟರ್ ದೂರದಲ್ಲಿ 1,200 ಲಕ್ಸ್ ಅನ್ನು ಆರಾಮಾಗಿ ಕೊಡುತ್ತದೆ. ಮುಂದೆ ಇನ್ನೊಂದು ಪದರ ಟ್ರೇಸಿಂಗ್ ಪೇಪರ್ ಇಟ್ಟರೆ ಬೆಳಕು ಅರ್ಧವೋ ಕಾಲುಭಾಗವೋ ಆಗಬಹುದು. ಆಗ ಸಮಯ ಅಷ್ಟು ಹೆಚ್ಚಿಸಿ. ಶಟರ್ ಒತ್ತುವಾಗ ಕೈ ತಾಗಿ ಅಲುಗದಂತೆ 2 ಸೆಕೆಂಡ್ ಟೈಮರ್ ಹಾಕಿ.

ಇನ್ನೊಂದು, ವಾಟ್ ಅನ್ನುವುದು ಲೈಟ್ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವ ಅಂಕಿ. ಹೋಲಿಸಬೇಕಾದರೆ 1 ಮೀಟರ್ ದೂರದ ಲಕ್ಸ್ ನೋಡಿ, ಅದನ್ನು ರಿಫ್ಲೆಕ್ಟರ್ ಹಾಕಿ ಅಳೆದಿದ್ದಾರಾ, ಬರಿ ಲೈಟಿಗಾ ಅಂತಲೂ ಓದಿ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೇಜಿನ ಕೆಲಸದಲ್ಲಿ ಲೈಟನ್ನು ಹತ್ತಿರ ತರುವುದೇ ಎಲ್ಲಕ್ಕಿಂತ ಅಗ್ಗದ ಪವರ್. ಹತ್ತಿರ ಬಂದಷ್ಟೂ ಬೊಂಬೆಗೆ ಲೈಟ್ ದೊಡ್ಡದಾಗಿ ಕಾಣುತ್ತದೆ, ನೆರಳು ಮೆತ್ತಗಾಗುತ್ತದೆ.

ಫ್ಲ್ಯಾಶ್_ಪಕ್ಷ

ಎಲ್ಲರೂ ಎಲ್‌ಇಡಿ ಅಂತಿದ್ದೀರಿ, ಆದರೂ ನನ್ನ ಮಾತು ಕೇಳಿ. ಅದೇ ದುಡ್ಡಿಗೆ, ಇನ್ನೂ ಕಮ್ಮಿಗೇ, ಒಂದು ಮ್ಯಾನ್ಯುಯಲ್ ಸ್ಪೀಡ್‌ಲೈಟ್ (ಸಣ್ಣ ಫ್ಲ್ಯಾಶ್) ಮತ್ತು ಅದನ್ನು ದೂರದಿಂದ ಹೊಡೆಸುವ ಟ್ರಿಗರ್ ಬರುತ್ತದೆ. ಫ್ಲ್ಯಾಶ್ ಟ್ಯೂಬಿನ ಬೆಳಕಿನಲ್ಲಿ ಎಲ್ಲಾ ಬಣ್ಣಗಳೂ ತುಂಬಿರುತ್ತವೆ, ಆರ್9 ಅಂತ ಚಿಂತೆ ಮಾಡಬೇಕಿಲ್ಲ. ಬೆಳಕೂ ಧಾರಾಳ. ಕೋಣೆಯ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಫೋಟೊದಲ್ಲಿ ಅದರ ಸುಳಿವೇ ಇರುವುದಿಲ್ಲ. ಟ್ರೈಪಾಡ್ ಅಲುಗಿದರೂ ಚಿತ್ರ ಶಾರ್ಪ್. ಬುಗುರಿ ತಿರುಗುತ್ತಿರುವಾಗ ಅದನ್ನು ನಿಲ್ಲಿಸಿ ಹಿಡಿಯಬೇಕಾ? ಫ್ಲ್ಯಾಶ್ ಬಿಟ್ಟರೆ ಗತಿಯಿಲ್ಲ.

ಹಿತ್ತಲ_ಸ್ಟುಡಿಯೊ

ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಬರಿ ಸ್ಟಿಲ್ ಫೋಟೊ ಮಾತ್ರ ಆಗಿದ್ದರೆ, ಕೈ ಪಳಗಿದವರಿಗೆ ನಾನೂ ಫ್ಲ್ಯಾಶನ್ನೇ ಹೇಳುತ್ತಿದ್ದೆ. ಆದರೆ ಅರಗಿನ ಮೇಲೆ ಹೈಲೈಟ್ ಎಲ್ಲಿ ಬೀಳುತ್ತದೆ ಅನ್ನುವುದು ಫ್ಲ್ಯಾಶ್‌ನಲ್ಲಿ ಹೊಡೆದ ಮೇಲೆಯೇ ಗೊತ್ತಾಗುವುದು. ಎಲ್‌ಇಡಿಯಲ್ಲಿ ಕಾಗದವನ್ನು ನಾಲ್ಕು ಬೆರಳು ಸರಿಸಿದರೆ ಗೆರೆ ಎಲ್ಲಿಗೆ ಹೋಯಿತು ಅಂತ ಕಣ್ಣೆದುರೇ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಅದೇ ಲೈಟಿನಲ್ಲಿ ರೀಲ್ಸ್ ಕೂಡ ಆಗುತ್ತದೆ. ಲೇತ್ ಮೇಲೆ ಅರಗು ಕರಗಿ ಮರಕ್ಕೆ ಹತ್ತುವುದನ್ನು ನೋಡಲು ಜನ ಕಾದಿರುತ್ತಾರೆ.

ಬುಗುರಿ_ಮನೆ

ಹೌದು ಸರ್, ರೀಲ್ಸ್ ಮಾಡುವ ಆಸೆಯೂ ಇದೆ. ಅಂದಹಾಗೆ ಬಣ್ಣ ಬದಲಾಯಿಸುವ ಆರ್‌ಜಿಬಿ ಲೈಟ್, ಬೈ-ಕಲರ್ ಬೇಡವಾ? ಒಂದರಲ್ಲೇ ಎಲ್ಲಾ ಸಿಗುತ್ತಲ್ಲ.

ಬಣ್ಣದ_ಲೆಕ್ಕ

ಮಾರಾಟದ ಫೋಟೊಗೆ ಬೇಡ. ಬೈ-ಕಲರ್‌ನಲ್ಲಿ ಹಳದಿ ಎಲ್‌ಇಡಿ ಅರ್ಧ, ಬಿಳಿ ಎಲ್‌ಇಡಿ ಅರ್ಧ. 5600ಕ್ಕೆ ಇಟ್ಟಾಗ ಹೆಚ್ಚಿನ ಲೈಟುಗಳಲ್ಲಿ ಅರ್ಧ ಎಲ್‌ಇಡಿ ಮಾತ್ರ ದುಡಿಯುತ್ತವೆ. ಮಧ್ಯದಲ್ಲಿ, 4000ದ ಸುಮಾರಿಗೆ ಇಟ್ಟರೆ ಅಗ್ಗದವುಗಳಲ್ಲಿ ಸಣ್ಣಗೆ ಗುಲಾಬಿ ಛಾಯೆ ಬರುತ್ತದೆ. ಇನ್ನು ಕೆಂಪು, ಹಸಿರು, ನೀಲಿ ಮೂರನ್ನೇ ಬೆರೆಸಿ ಮಾಡಿದ ಬಿಳಿಯಲ್ಲಿ ನಡುವಿನ ಬಣ್ಣಗಳೇ ಇರುವುದಿಲ್ಲ. ಅರಿಶಿನದ ಹಳದಿ ಅದರಲ್ಲಿ ಹಾಳಾಗುತ್ತದೆ. ಡೇಲೈಟ್ ಒಂದೇ ಬಣ್ಣದ್ದು ತಗೊಳ್ಳಿ. ಫೋಟೊ ತೆಗೆಯುವಾಗ ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಮೊದಲ ಶಾಟ್‌ನಲ್ಲಿ ಬೊಂಬೆ ಪಕ್ಕ ಗ್ರೇ ಕಾರ್ಡ್ ಇಟ್ಟು, ಅದರಿಂದಲೇ ಆ ದಿನದ ವೈಟ್ ಬ್ಯಾಲೆನ್ಸ್ ಹಿಡಿಯಿರಿ. ಆರು ಬೊಂಬೆಗೂ ಅದೇ.

ಬೀದರ್_ಕಪ್ಪು

ಬೀದರಿನಿಂದ ಬರೆಯುತ್ತಿದ್ದೇನೆ. ನಾವು ಬಿದ್ರಿ ಸಾಮಾನಿನ ಫೋಟೊ ತೆಗೆಯುತ್ತೇವೆ. ಸತು, ತಾಮ್ರದ ಮಿಶ್ರಲೋಹ, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡಿದ್ದು, ಮೇಲೆ ಬೆಳ್ಳಿ ಎಳೆ. ಕಪ್ಪು ಕಪ್ಪಾಗಿಯೇ ಇರಬೇಕು, ಬೆಳ್ಳಿ ಮಾತ್ರ ಹೊಳೆಯಬೇಕು. ಹೊಳಪಿನ ತೊಂದರೆ ನಮಗೆ ನಿಮಗಿಂತ ಜಾಸ್ತಿ ಅಂತಲೇ ಹೇಳಬೇಕು.

ಕೆಲವರು ಹೊಳಪು ತಡೆಯುವ ಪೋಲರೈಸರ್ ಫಿಲ್ಟರ್ ಹಾಕಿ ಅಂತ ಹೇಳುತ್ತಾರೆ. ಅದರ ಬಗ್ಗೆ ಗೊತ್ತಿದ್ದು ಹಾಕಿ. ಲೈಟ್ ಮುಂದೆ ಪೋಲರೈಸಿಂಗ್ ಫಿಲ್ಮ್, ಲೆನ್ಸ್ ಮುಂದೆ ಸಿಪಿಎಲ್ (ಲೆನ್ಸಿಗೆ ಹಾಕುವ ಪೋಲರೈಸರ್) ಇಟ್ಟು ತಿರುಗಿಸಿದರೆ ಅರಗಿನ ಮೇಲಿನ ಹೊಳಪು ಪೂರ್ತಿ ಮಾಯ ಆಗುತ್ತದೆ. ಬಣ್ಣ ಗಾಢವಾಗಿ ಕಾಣುತ್ತದೆ. ಲೋಹದ ಮೇಲೆ ಹೀಗೆ ಮಾಡಿದರೆ ಬೆಳ್ಳಿಯೇ ಕಪ್ಪಾಗುತ್ತದೆ! ಅದಕ್ಕೆ ನಾವು ಆ ದಾರಿ ಬಿಟ್ಟಿದ್ದೇವೆ. ಎರಡು ಫಿಲ್ಟರ್ ಸೇರಿ ಮೂರು ಸ್ಟಾಪ್‌ವರೆಗೆ ಬೆಳಕು ತಿನ್ನುತ್ತವೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ). 1/4 ಸೆಕೆಂಡ್ ಇದ್ದದ್ದು 2 ಸೆಕೆಂಡ್ ಆಗುತ್ತದೆ. ಫಿಲ್ಮ್ ಯಾವಾಗಲೂ ಡಿಫ್ಯೂಸರ್‌ನ ಹೊರಗೆ, ಕಟ್ಟಕಡೆಯ ಪದರವಾಗಿ ಇರಬೇಕು. ಒಳಗೆ ಇಟ್ಟರೆ ಟ್ರೇಸಿಂಗ್ ಪೇಪರ್ ಅದನ್ನು ಕೆಡಿಸಿಬಿಡುತ್ತದೆ.

ನಿಮ್ಮ ಬೊಂಬೆಗೆ ಇದು ಬೇಡ ಅಂತ ನನ್ನ ಅಭಿಪ್ರಾಯ ಅಕ್ಕ. ಹೊಳಪೇ ಇಲ್ಲದಿದ್ದರೆ ಅರಗಿನ ಬೊಂಬೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಹೊಳಪು ಇರಲಿ, ಅದು ಒಂದು ಅಂದವಾದ ಗೆರೆಯಾಗಿರಲಿ.

ಹಿತ್ತಲ_ಸ್ಟುಡಿಯೊ

ಆ ಗೆರೆ ಬರಿಸುವುದು ಹೇಗೆ ಅಂತ ಬರೆಯುತ್ತೇನೆ. ಟ್ರೇಸಿಂಗ್ ಪೇಪರ್ ರೋಲನ್ನು ಬಟ್ಟೆ ಒಣಹಾಕುವ ಸ್ಟ್ಯಾಂಡಿಗೋ, ಎರಡು ಕುರ್ಚಿ ನಡುವಿನ ಕೋಲಿಗೋ ನೇತುಹಾಕಿ. ಬೊಂಬೆಯ ಪಕ್ಕದಲ್ಲಿ, ಫ್ರೇಮಿನಲ್ಲಿ ಕಾಣದಷ್ಟು ಹತ್ತಿರ. ಸಾಫ್ಟ್‌ಬಾಕ್ಸ್ ತೆಗೆದಿಡಿ, ಲೈಟ್ ಜೊತೆ ಬರುವ ರಿಫ್ಲೆಕ್ಟರ್ ಸಾಕು. ಲೈಟನ್ನು ಕಾಗದದ ಹಿಂದೆ ಒಂದು ಅಡಿ ದೂರದಲ್ಲಿ ನಿಲ್ಲಿಸಿ. ಬರಿ ಸಿಒಬಿ ಮುಖಕ್ಕೆ ಕಾಗದ ತಾಗಬಾರದು, ಅಲ್ಲಿ ಬಿಸಿ ಇರುತ್ತದೆ.

ಈಗ ಕಾಗದದ ನಡುವೆ ಬೆಳಕು ಜೋರು, ಅಂಚಿಗೆ ಹೋದಂತೆ ಮೆಲ್ಲಗೆ ಕಮ್ಮಿ. ಬುಗುರಿಯ ಮೈಮೇಲೆ ಅದೇ ಮೂಡುತ್ತದೆ: ನಡುವೆ ಬೆಳ್ಳಗೆ, ಆಚೀಚೆ ಕರಗಿ ಕೆಂಪಿಗೆ ಸೇರುವ ಹೊಳಪು. ದುಂಡು ದುಂಡಾಗಿಯೇ ಕಾಣುತ್ತದೆ. ಲೈಟನ್ನು ಹಿಂದಕ್ಕೆ ಒಯ್ದರೆ ಇಡೀ ಕಾಗದ ಸಮನಾಗಿ ಬೆಳಗುತ್ತದೆ, ಹೊಳಪು ಅಗಲವಾಗಿ, ಅಂಚು ಕತ್ತರಿಸಿದಂತೆ ಬರುತ್ತದೆ. ಎದುರು ಬದಿಗೆ ಥರ್ಮಾಕೋಲ್ ಇಟ್ಟು ನೆರಳು ತುಂಬಿಸಿ. ಬಣ್ಣ ಹಾಕದ ಹಾಲೆ ಮರದ ಬೊಂಬೆ ಬಿಳಿ ಹಿನ್ನೆಲೆಯಲ್ಲಿ ಕಳೆದುಹೋಗುತ್ತದೆ. ಆಗ ಫ್ರೇಮಿನ ಹೊರಗೆ ಎರಡು ಬದಿಯಲ್ಲೂ ಕಪ್ಪು ಚಾರ್ಟ್ ನಿಲ್ಲಿಸಿ, ಅಂಚಿಗೆ ತೆಳು ಕಪ್ಪು ಗೆರೆ ಸಿಗುತ್ತದೆ.

ಬುಗುರಿ_ಮನೆ

ಪರಿಚಯದ ಮದುವೆ ಫೋಟೊಗ್ರಾಫರ್ ಹತ್ತಿರ 60 ವಾಟ್ ಲೈಟ್ ಇಸ್ಕೊಂಡು ನೀವು ಹೇಳಿದ ಹಾಗೇ ಮಾಡಿದೆ. ಚುಕ್ಕೆಗಳು ಹೋದವು. ಬುಗುರಿ ಮೇಲೆ ಉದ್ದಕ್ಕೆ ಒಂದೇ ಮೃದುವಾದ ಬೆಳಕು. ಮಾವನವರು ಫೋಟೊ ನೋಡಿ, ಲೇತ್‌ನಿಂದ ಇಳಿಸಿದಾಗ ಹೀಗೇ ಇರುತ್ತೆ ಅಂದರು. ಕೆಂಪು ಕೂಡ ನಿಜವಾದ ಕೆಂಪು. ನಾನೂ ಅದನ್ನೇ ತಗೊಳ್ಳುತ್ತೇನೆ.

ಒಂದು ಉಳಿದಿದೆ. ಅಮೆಜಾನ್‌ಗೆ ಮೊದಲ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು ಅಂತಾರೆ. ನನ್ನದು ಬೂದು ಬರುತ್ತಿದೆ. ಎರಡನೇ ಲೈಟ್ ಬೇಕಾ?

ಫ್ಲ್ಯಾಶ್_ಪಕ್ಷ

ಅವರ ನಿಯಮದಲ್ಲಿ 255, 255, 255 ಬಿಳಿ, ಅಂದರೆ ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ. ವಸ್ತು ಫ್ರೇಮಿನ ಶೇಕಡಾ 85 ಭಾಗದಷ್ಟು ತುಂಬಿರಬೇಕು. ಝೂಮ್ ಆಗಬೇಕಾದರೆ ಉದ್ದದ ಬದಿ 1,000 ಪಿಕ್ಸೆಲ್ ದಾಟಿರಲಿ.

ಒಂದೇ ಲೈಟಿನಲ್ಲೂ ಹತ್ತಿರಕ್ಕೆ ಹೋಗಬಹುದು. ಬಿಳಿ ಚಾರ್ಟನ್ನು ಮೇಜಿನಿಂದ ಗೋಡೆಗೆ ಮಡಿಕೆ ಬೀಳದಂತೆ ಬಾಗಿಸಿ ಅಂಟಿಸಿ. ಟ್ರೇಸಿಂಗ್ ಪೇಪರನ್ನು ಬೊಂಬೆಯ ಮೇಲೆ, ಸ್ವಲ್ಪ ಹಿಂದಕ್ಕೆ ಚಪ್ಪರದಂತೆ ಕಟ್ಟಿ, ಲೈಟ್ ಅಲ್ಲಿಂದ ಇಳಿಯಲಿ. ಆಗ ಹಿನ್ನೆಲೆಗೆ ಬೊಂಬೆಗಿಂತ ಜಾಸ್ತಿ ಬೆಳಕು ಬೀಳುತ್ತದೆ. ಮುಂದೆ ಎರಡು ಥರ್ಮಾಕೋಲ್. ಉಳಿದ ಚೂರು ಬೂದು ಬಣ್ಣವನ್ನು ಎಡಿಟಿಂಗ್‌ನಲ್ಲಿ ತೆಗೆಯಿರಿ. ಕೆಲಸ ಜಾಸ್ತಿಯಾದ ಮೇಲೆ ಹಿನ್ನೆಲೆಗೆ ಅಂತಲೇ ಒಂದು ಸಣ್ಣ ಲೈಟ್ ಸೇರಿಸಿ. ಅದು ತೀರಾ ಒಳ್ಳೆಯದೇ ಆಗಬೇಕಿಲ್ಲ, ಅದರ ಬೆಳಕು ಬೊಂಬೆಗೆ ತಾಗದಿದ್ದರೆ ಸಾಕು.

ಎಸ್‌ಪಿ_ರೋಡ್_ಗಿರಾಕಿ

ಹಾಗಾದರೆ ನನ್ನ ಬಲ್ಬ್ ಹಿನ್ನೆಲೆಗೆ ಆಗುತ್ತೆ ಅನ್ನಿ! ಒಂದು ವಿಷಯ ಕೇಳಬೇಕಿತ್ತು. ನನ್ನ ಬಲ್ಬುಗಳಲ್ಲಿ ಫೋಟೊ ಚೆನ್ನಾಗೇ ಬರುತ್ತೆ, ವಿಡಿಯೊದಲ್ಲಿ ಮಾತ್ರ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಓಡುತ್ತವೆ. ಸಿಒಬಿಯಲ್ಲಿ ಹಾಗಾಗಲ್ವಾ?

ಹಿತ್ತಲ_ಸ್ಟುಡಿಯೊ

ನಮ್ಮ ಮೇನ್ಸ್ 50 ಹರ್ಟ್ಸ್. ಅಗ್ಗದ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/4 ಸೆಕೆಂಡಿನ ಫೋಟೊದಲ್ಲಿ ಅದೆಲ್ಲಾ ಬೆರೆತು ಸಮ ಆಗುತ್ತದೆ, ಅದಕ್ಕೇ ನಿಮಗೆ ಕಾಣುತ್ತಿಲ್ಲ. ವಿಡಿಯೊದಲ್ಲಿ ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕಿ, ಪಟ್ಟಿ ನಿಲ್ಲುತ್ತದೆ. ಫೋನಿನಲ್ಲಿ ಆಟೊ ಬಿಟ್ಟು ಪ್ರೊ ಮೋಡ್‌ಗೆ ಹೋಗಿ.

ಒಳ್ಳೆಯ ಸಿಒಬಿಯಲ್ಲಿ ಈ ತೊಂದರೆ ಇರಬಾರದು. ಆದರೆ ಕೆಲವು ಲೈಟುಗಳು ಪೂರ್ತಿ ಜೋರಿನಲ್ಲಿ ಸರಿಯಿದ್ದು, ಡಿಮ್ ಮಾಡಿದಾಗ ಮಿನುಗುತ್ತವೆ. ಮೇಡಂ, ಅಂಗಡಿಯಲ್ಲೇ 10 ಪರ್ಸೆಂಟಿಗೆ ಇಳಿಸಿ, ಫೋನಿನ ಸ್ಲೋ ಮೋಷನ್‌ನಲ್ಲಿ ಒಂದು ಬಿಳಿ ಗೋಡೆಯನ್ನು ಹಿಡಿದು ನೋಡಿ. ಪಟ್ಟಿ ಓಡಿದರೆ ಬೇರೆ ತೋರಿಸಿ ಅನ್ನಿ. ಅಲ್ಲೇ ಫ್ಯಾನ್ ಸದ್ದನ್ನೂ ಕೇಳಿಸಿಕೊಳ್ಳಿ. ಫೋಟೊಗೆ ಅದು ಲೆಕ್ಕಕ್ಕಿಲ್ಲ, ಲೇತ್ ಪಕ್ಕ ಕೂತು ಮಾವನವರ ಮಾತನ್ನು ರೆಕಾರ್ಡ್ ಮಾಡುವುದಾದರೆ ಬೇಕಾಗುತ್ತದೆ.

ಬುಗುರಿ_ಮನೆ

ಲೇತ್ ಸದ್ದಿನ ಮುಂದೆ ಫ್ಯಾನ್ ಯಾರಿಗೂ ಕೇಳಿಸಲ್ಲ ಸರ್. ಮಾತನ್ನು ಲೇತ್ ನಿಲ್ಲಿಸಿ ಬೇರೆಯಾಗಿ ರೆಕಾರ್ಡ್ ಮಾಡುತ್ತೇನೆ. ಭಾನುವಾರ ಬೆಂಗಳೂರಿಗೆ ಬರುತ್ತಿದ್ದೇನೆ, ಬುಗುರಿ ಒಂದನ್ನು ಚೀಲದಲ್ಲಿ ತರುತ್ತೇನೆ. ಅಂಗಡಿಯಲ್ಲಿ ಅದರ ಮೇಲೆಯೇ ಲೈಟ್ ಹಾಕಿ ನೋಡಿ ತಗೊಳ್ಳುತ್ತೇನೆ.